10 ಕೆಜಿ ಆಂಪ್‌ನಲ್ಲಿ ಬೇಸ್ ಬರಲ್ಲ ಅಂದವರಿಗೆ

ಬಳ್ಳಾರಿ ಕಡೆ ಬೇಸ್ ಗಿಟಾರ್ ನುಡಿಸುವವರೇ ಕಡಿಮೆ. ರಸಮಂಜರಿ ತಂಡಗಳಲ್ಲಿ ಕೀಬೋರ್ಡ್‌ನವರ ಎಡಗೈಯೇ ಬೇಸ್, ಅಂದರೆ ಹಾಡಿನ ತಗ್ಗು ಸ್ವರ. ಅಂಥದ್ದರಲ್ಲಿ ಬೇಸ್‌ಗೆ ಅಂತಲೇ ಬೇರೆ ಆಂಪ್ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ತಂದರೆ ಜನ ವಿಚಿತ್ರವಾಗಿ ನೋಡುತ್ತಾರೆ. ಅದನ್ನೂ ಒಂದೇ ಕೈಯಲ್ಲಿ ಹಿಡಿದು ತಂದರೆ ನಗುತ್ತಾರೆ. "ಅಣ್ಣ, ಈ ಡಬ್ಬಿಯೊಳಗ ಬೇಸ್ ಎಲ್ಲಿಂದ ಬರ್ತೈತಿ?" ಅಂತ ನಮ್ಮ ಸೌಂಡ್‌ನವನು ಎಲ್ಲರ ಎದುರೇ ಕೇಳಿದ್ದ. ಭಾರ ಇದ್ದರೆ ಮಾತ್ರ ಬೇಸ್ ಅನ್ನೋದು ಅವನ ಲೆಕ್ಕ. ಆಮೇಲೆ ಒಂದೆರಡು ಮದುವೆ ಸೀಸನ್ ಮುಗಿದವು. ಈಗ ಅವನೇ ಫೋನ್ ಮಾಡಿ, "ಆ ಸಣ್ಣದು ತರ್ತೀರಲ್ಲಣ್ಣ?" ಅಂತ ಕೇಳುತ್ತಾನೆ. ಹಾಗಾಗಿ ಆ ಸಣ್ಣ ಡಬ್ಬಿ, ಫೆಂಡರ್ ರಂಬಲ್ 100 ಬಗ್ಗೆ ಬರೆಯೋ ಹಕ್ಕು ಬಂದಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ನನ್ನ ಕೆಲಸ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ಇನ್ನೂರು ಮುನ್ನೂರು ಜನ ಕೂರುವ ಹಾಲ್‌ನಲ್ಲಿ ರಿಸೆಪ್ಷನ್, ಭಾನುವಾರ ಚರ್ಚ್, ಹೊಸಪೇಟೆ ಹೋಟೆಲ್‌ಗಳಲ್ಲಿ ಸಣ್ಣ ಪ್ರೋಗ್ರಾಂ. ಮಿಕ್ಕ ದಿನ ಕೌಲ್ ಬಜಾರ್‌ನ ಒಂದು ಮನೆಯ ಎರಡನೇ ಮಹಡಿಯಲ್ಲಿ ಪ್ರಾಕ್ಟೀಸ್. ಕಾರಿಲ್ಲ. ಊರೊಳಗೆ ಆ್ಯಕ್ಟಿವಾ, ಸಿರುಗುಪ್ಪ, ಸಂಡೂರು, ಹೊಸಪೇಟೆಗೆ ಬಸ್ಸು.

ಮೊದಲು ಇದ್ದದ್ದು 15 ಇಂಚಿನ ಹಳೇ ಕಾಂಬೋ, ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಡಬ್ಬಿಯಲ್ಲಿರುವಂಥದ್ದು. ಸೆಕೆಂಡ್ ಹ್ಯಾಂಡ್, 16 ಸಾವಿರದ ಸುಮಾರು. ತೂಕ 34 ಕೆಜಿ. ಸೌಂಡ್ ಬಗ್ಗೆ ಒಂದು ಮಾತೂ ಆಡುವಂತಿಲ್ಲ, ಅಷ್ಟು ಚೆನ್ನಾಗಿತ್ತು. ಆದರೆ ಪ್ರೋಗ್ರಾಂಗೆ 1500 ಕೊಟ್ಟರೆ ಅದರಲ್ಲಿ ಆಟೋಗೆ, ಎತ್ತಿಕೊಡುವ ಹುಡುಗನಿಗೆ ಅಂತ 400 ಹೋಗುತ್ತಿತ್ತು. ವರ್ಷಕ್ಕೆ ಐವತ್ತು ಪ್ರೋಗ್ರಾಂ ಅಂತ ಹಿಡಿದರೂ 20 ಸಾವಿರ ಬರೀ ಸಾಗಣೆಗೆ. ಪ್ರಾಕ್ಟೀಸ್ ರೂಮಿನ ಮೆಟ್ಟಿಲು ಬೇರೆ. ಕೊನೆಗೆ ಅದು ಮಹಡಿ ಮೇಲೆಯೇ ಉಳಿಯಿತು, ನಾನು ಆಂಪ್ ಇಲ್ಲದೆ ಓಡಾಡತೊಡಗಿದೆ.

ಆಂಪ್ ಇಲ್ಲದೆ ಅಂದರೆ ಡಿಐ ಬಾಕ್ಸಿನಿಂದ (ಗಿಟಾರ್ ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬಿ) ನೇರ ಮಿಕ್ಸರ್‌ಗೆ. ದೊಡ್ಡ ಸ್ಟೇಜಿನಲ್ಲಿ ಇದು ಸರಿ. ಸಣ್ಣ ಹಾಲ್‌ನಲ್ಲಿ ಸ್ಟೇಜಿನವರಿಗೆ ಕೇಳಿಸಲು ಇರೋದು ಒಂದೇ ಮಾನಿಟರ್ ಸ್ಪೀಕರ್, ಅದು ಹಾಡುವವರದ್ದು. ಅದರಲ್ಲಿ ಬೇಸ್ ಕೊಡಿ ಅಂದರೆ ಸೌಂಡ್‌ನವರು ತಲೆ ಆಡಿಸುತ್ತಾರೆ, ಕೊಡುವುದಿಲ್ಲ. ನನ್ನ ನೋಟ್ ನನಗೇ ಕೇಳದೆ ಬೆರಳ ಕೆಳಗೆ ತಂತಿ ನಡುಗುವುದನ್ನೇ ನಂಬಿ ಎಷ್ಟು ಹೊತ್ತು ನುಡಿಸಬಹುದು?

ಆಮೇಲೆ ಬಂದದ್ದು ಟ್ರಾಲಿ ಸ್ಪೀಕರ್. ಕ್ಯಾರಿಯೋಕೆಗೆ ಅಂತ ಮಾರುತ್ತಾರಲ್ಲ, ಚಕ್ರ, ಬ್ಯಾಟರಿ, ಬಣ್ಣದ ಲೈಟು ಇರುವಂಥದ್ದು. ಮೇಲೆ 1000 ವ್ಯಾಟ್ ಅಂತ ಸ್ಟಿಕ್ಕರ್. 9 ಸಾವಿರ ಕೊಟ್ಟೆ. ಹಾಡು ಹಾಕಿದರೆ ಗೋಡೆ ನಡುಗುತ್ತದೆ. ಬೇಸ್ ಜಾಕ್ ಹಾಕಿ ಇ ತಂತಿ (ನಾಲ್ಕರಲ್ಲಿ ದಪ್ಪದ್ದು) ಎಳೆದರೆ ಸ್ಪೀಕರ್‌ನ ಕೋನ್ ಪಟಪಟ ಅನ್ನುತ್ತದೆ. ರೆಕಾರ್ಡ್ ಆದ ಹಾಡಿನಲ್ಲಿ ಬೇಸನ್ನು ಕಂಪ್ರೆಸ್ ಮಾಡಿ, ಅಂದರೆ ಸದ್ದಿನ ಏರಿಳಿತ ಒತ್ತಿ, ಅಳೆದು ಇಟ್ಟಿರುತ್ತಾರೆ. ಬೆರಳಿನಿಂದ ಬರುವ ಮೊದಲ ಹೊಡೆತ ಹಾಗಿರುವುದಿಲ್ಲ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಒಬ್ಬ ಟೆಂಟ್ ಹೌಸ್‌ನವರಿಗೆ ಅರ್ಧ ರೇಟಿಗೆ ಕೊಟ್ಟೆ. ಅವರು ಖುಷಿಯಾಗಿದ್ದಾರೆ.

ನಮ್ಮ ಡ್ರಮ್ಮರ್‌ನ ಅಣ್ಣ ಅಮೆರಿಕದಿಂದ ಒಂದು ಹಗುರದ ಕಾಂಬೋ ತಂದುಕೊಟ್ಟ ಕಥೆ ಇನ್ನೊಂದು. ಹಿಂದಿನ ಪ್ಲೇಟ್ ನೋಡಿದರೆ 120 ವೋಲ್ಟ್ ಅಂತ ಮಾತ್ರ ಇದೆ. ನಮ್ಮದು 230. ಅದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೇ ಆರು ಕೆಜಿ ಹತ್ತಿರ. ಹಗುರ ಅಂತ ತಂದದ್ದಕ್ಕೆ ಭಾರದ ಬಾಲ ಅಂಟಿತು. ಎರಡನ್ನೂ ಸೇರಿಸಿ ಅವನಿಗೇ ವಾಪಸ್ ಕೊಟ್ಟೆವು. ಹೊರದೇಶದಿಂದ ತರಿಸುವವರು 100-240 ಅಂತಲೋ 230 ಅಂತಲೋ ಬರೆದಿದೆಯಾ ನೋಡಿ. ಕೆಲವದರಲ್ಲಿ ಮಾತ್ರ ಹಿಂದೆ ಸ್ವಿಚ್ ಇರುತ್ತದೆ. ಎಸ್‌ಎಂಪಿಎಸ್ (ಹಗುರದ ಹೊಸ ಬಗೆಯ ಪವರ್ ಸಪ್ಲೈ) ಇದ್ದ ಮಾತ್ರಕ್ಕೆ ಎರಡೂ ವೋಲ್ಟೇಜ್ ನಡೆಯುತ್ತದೆ ಅಂತಲ್ಲ.

ಇಷ್ಟಾದ ಮೇಲೆ ಕೂತು ಬಜೆಟ್ ಹಾಕಿದೆ. 25 ಸಾವಿರದೊಳಗೆ ಇರಬೇಕು. ಆ್ಯಕ್ಟಿವಾ ಕಾಲಿಡುವ ಜಾಗದಲ್ಲಿ ನಿಲ್ಲಬೇಕು. ಬೆನ್ನಿಗೆ ಗಿಟಾರ್ ಬ್ಯಾಗ್ ಇದ್ದೂ ಒಂದೇ ಕೈಯಲ್ಲಿ ಎರಡು ಮಹಡಿ ಏರಬೇಕು. ಮಿಕ್ಸರ್‌ಗೆ ಕೊಡಲು ಎಕ್ಸ್‌ಎಲ್‌ಆರ್ ಔಟ್ (ಮೈಕ್ ಕೇಬಲ್ ಹಾಕುವ ಮೂರು ಪಿನ್‌ನ ಜಾಗ) ಬೇಕೇ ಬೇಕು.

ಮನಸ್ಸು ಹೋದದ್ದು ಮಾರ್ಕ್‌ಬೇಸ್‌ನ 12 ಇಂಚಿನ ಮಿನಿ ಕಾಂಬೋ ಮೇಲೆ. 13 ಕೆಜಿ ಹತ್ತಿರ. ರೇಟ್ ಕೇಳಿ ಸುಮ್ನೆ ಫೋನ್ ಇಟ್ಟೆ. ಅದರ ನೆಪದಲ್ಲಿ ಒಂದು ಮಾತು. 500 ವ್ಯಾಟ್ ಅಂತ ಇದ್ದರೆ ಅದು 4 ಓಮ್‌ಗೆ (ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆ), ಅಂದರೆ ಹೊರಗೆ ಇನ್ನೊಂದು ಸ್ಪೀಕರ್ ಕ್ಯಾಬಿನೆಟ್ ಜೋಡಿಸಿದಾಗ. ಒಳಗಿನ 8 ಓಮ್ ಸ್ಪೀಕರ್ ಒಂದೇ ಇದ್ದಾಗ 300. ಫೆಂಡರ್ ರಂಬಲ್ 500 ಕೂಡ ಹಾಗೇ, ಒಂಟಿಯಾಗಿದ್ದರೆ 350. ಸಣ್ಣ ಪ್ರೋಗ್ರಾಂಗೆ ಯಾರೂ ಎರಡನೇ ಕ್ಯಾಬಿನೆಟ್ ಹೊರುವುದಿಲ್ಲ ಅಲ್ವಾ? ಹಾಗಾದರೆ ಒಂಟಿ ಲೆಕ್ಕವನ್ನೇ ಕೇಳಬೇಕು.

ಕೊನೆಗೆ ತಗೊಂಡದ್ದು ಫೆಂಡರ್ ರಂಬಲ್ 100. 12 ಇಂಚಿನ ಸ್ಪೀಕರ್, ಹಗುರದ ಕ್ಲಾಸ್ ಡಿ ಸರ್ಕ್ಯೂಟ್, 10 ಕೆಜಿ. ಬೆಂಗಳೂರಿನಲ್ಲಿ ಒಬ್ಬರು ಮನೆಯಲ್ಲಿ ನುಡಿಸಿ ಬಿಟ್ಟಿದ್ದು, 22ಕ್ಕೋ 23 ಸಾವಿರಕ್ಕೋ ಸಿಕ್ಕಿತು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ, ಬರ್ತ್ ಕೆಳಗೆ ಮಲಗಿಸಿ ತಳ್ಳಿ ತಂದೆ. ಆ 34 ಕೆಜಿಯದ್ದನ್ನು ಲಾರಿ ಆಫೀಸಿನಲ್ಲಿ ಬಿಡಿಸಿಕೊಳ್ಳಲು ಕೊಟ್ಟದ್ದು ನೆನೆದರೆ ಟ್ರೈನ್ ಟಿಕೆಟ್ ಏನೂ ಅಲ್ಲ.

ಕೊಳ್ಳುವ ಮುಂಚೆ ನೋಡುವಾಗ ನಾನು ಮಾಡಿದ್ದು ಇಷ್ಟು. ಮಾರುವವರು ಅದನ್ನು ಗೋಡೆ ಮೂಲೆಯಲ್ಲಿ ಇಟ್ಟಿದ್ದರು. ಮೂಲೆಯಲ್ಲಿಟ್ಟರೆ ಯಾವ ಆಂಪ್‌ಗಾದರೂ ಬೇಸ್ ಬರುತ್ತದೆ. ಎಳೆದು ರೂಮಿನ ನಡುವೆ ಇಡಿಸಿದೆ. ಹೆಬ್ಬೆರಳಲ್ಲಿ ತಂತಿಗೆ ಬಡಿಯುವ ಸ್ಲ್ಯಾಪ್ ಹೊಡೆಯಲಿಲ್ಲ. ಇ ತಂತಿಯ ಮೊದಲ ಮೂರು ಫ್ರೆಟ್‌ನಲ್ಲಿ ಉದ್ದ ನೋಟ್ ಹಿಡಿದೆ, ವಾಲ್ಯೂಮ್ ಸ್ವಲ್ಪ ಸ್ವಲ್ಪವೇ ಏರಿಸಿದೆ. ಎಲ್ಲಿ ಗರ್ ಅಂತ ಶುರುವಾಯಿತೋ ಅದೇ ಆ ಆಂಪ್‌ನ ನಿಜವಾದ ವ್ಯಾಟ್. ಬರೆದದ್ದು ಆಮೇಲೆ.

100 ವ್ಯಾಟ್ ಸಾಲಲ್ಲ ಅಂತ ಎಲ್ಲರೂ ಅಂದರು. 100 ಬಿಟ್ಟು 200 ತಗೊಂಡರೂ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಕೇಳಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ಇದ್ದ 100 ವ್ಯಾಟ್ ಎಲ್ಲಿ ಪೋಲಾಗುತ್ತದೆ ಅಂತ ಹುಡುಕಿದೆ. ಪೋಲಾಗುವುದು ಬೇಸ್ ಗುಂಡಿಯಲ್ಲೇ. ಇ ತಂತಿ ಖಾಲಿ ಬಿಟ್ಟರೆ 41 ಹರ್ಟ್ಜ್. ಅದನ್ನು ಈ ಅಳತೆಯ ಡಬ್ಬಿ ಪೂರ್ತಿ ಕೊಡಲಾರದು. ನಮಗೆ ಕೇಳುವುದು ಹೆಚ್ಚಾಗಿ ಅದರ ದುಪ್ಪಟ್ಟಾದ 82 ಹರ್ಟ್ಜ್, ಮಿಕ್ಕದ್ದನ್ನು ಕಿವಿ ತುಂಬಿಸಿಕೊಳ್ಳುತ್ತದೆ. ಬೇಸ್ ಗುಂಡಿಯನ್ನು 6 ಡೆಸಿಬೆಲ್ ಏರಿಸಿದರೆ ಆ ಜಾಗದಲ್ಲಿ ನಾಲ್ಕು ಪಟ್ಟು ಪವರ್ ಬೇಕಾಗುತ್ತದೆ. ಕೋನ್ ಒದ್ದಾಡುತ್ತದೆ, ಸದ್ದು ಮಾತ್ರ ಬರುವುದಿಲ್ಲ.

ಹಾಗಾಗಿ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬೇಸ್ ಗುಂಡಿ 12 ಗಂಟೆಗಿಂತ ಸ್ವಲ್ಪ ಕೆಳಗೆ. ಲೋ ಮಿಡ್ (ನಡುವಿನ ಸ್ವರಗಳ ಕೆಳಭಾಗ) 2 ಗಂಟೆ ಹತ್ತಿರ. ಹೈ ಮಿಡ್ ಮುಟ್ಟಲ್ಲ. ನಡುವಿನ ಸ್ವರ ತಗ್ಗಿಸುವ ಕಾಂಟೂರ್ ಬಟನ್ ಆಫ್. ಅದನ್ನು ಒತ್ತಿದರೆ ಮನೆಯಲ್ಲಿ ಬಹಳ ಚೆಂದ, ಬ್ಯಾಂಡ್ ಜೊತೆ ಬೇಸ್ ಮಾಯ. ನನ್ನ ಬೇಸ್‌ಗೆ ಅಡ್ಡ ಬರದ ಹಾಗೆ ಕೀಬೋರ್ಡ್‌ನವರಿಗೆ ಎಡಗೈ ಸ್ವಲ್ಪ ಮೇಲಿನ ಸ್ವರದಲ್ಲಿ ಇಟ್ಟುಕೊಳ್ಳಿ ಅಂತ ಹೇಳಬೇಕು. ಸೀನಿಯರ್ ಆದರೆ "ಸರ್, ಈ ಹಾಡಿಗೆ ಮಾತ್ರ" ಅಂತ ಶುರು ಮಾಡಿದರೆ ಒಪ್ಪುತ್ತಾರೆ. ಗಿಟಾರ್‌ಗೂ ಆಂಪ್‌ಗೂ ನಡುವೆ ಒಂದು ಸಣ್ಣ ಡಬ್ಬಿ ಇದೆ. ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯಲ್ಲ. ಎದುರು ಸಿಕ್ಕರೆ, ಚಹಾ ಕುಡಿಸಿದರೆ ಹೇಳುತ್ತೇನೆ.

ಇನ್ನು ಜಾಗ. ಹಲಗೆ ಜೋಡಿಸಿದ ಸ್ಟೇಜ್ ಮೇಲೆ ನೇರ ಇಟ್ಟರೆ ಇಡೀ ಸ್ಟೇಜ್ ಗುಂಯ್ ಅನ್ನುತ್ತದೆ. ಸೌಂಡ್‌ನವರು ಅದನ್ನೇ ಬೇಸ್ ಜಾಸ್ತಿ ಅಂದುಕೊಂಡು ನನ್ನ ಚಾನಲ್ ಇಳಿಸುತ್ತಾರೆ. ಕುರ್ಚಿ ಮೇಲೆ ಎತ್ತಿದೆ. ಪ್ಲಾಸ್ಟಿಕ್ ಕುರ್ಚಿ ಗಟಗಟ ಅಂತು, ಕಬ್ಬಿಣದ ಮಡಚುವ ಕುರ್ಚಿ ಜಿಣ್ ಅಂತು. ಹಳೇ ಸೋಫಾದ ದಪ್ಪ ಫೋಮ್ ಕತ್ತರಿಸಿ ಆಂಪ್ ಕೆಳಗೆ ಹಾಕಿದ ಮೇಲೆ ಸರಿಹೋಯಿತು. ಸೊಂಟದ ಎತ್ತರಕ್ಕೆ ಬಂದ ಕೂಡಲೇ ಅರ್ಧ ವಾಲ್ಯೂಮ್‌ನಲ್ಲೇ ನನಗೆ ಎಲ್ಲ ನೋಟ್ ಸ್ಪಷ್ಟ. ಹೊರಗಿನ ಜನಕ್ಕೆ ಎಕ್ಸ್‌ಎಲ್‌ಆರ್ ಮೂಲಕ ಸೌಂಡ್‌ನವರ 18 ಇಂಚಿನ ಸಬ್‌ಗಳು (ತಗ್ಗು ಸ್ವರದ ದೊಡ್ಡ ಸ್ಪೀಕರ್) ಇದ್ದೇ ಇವೆ.

ಕರೆಂಟ್ ಹೋದಾಗ ಪ್ರಾಕ್ಟೀಸ್ ನಿಲ್ಲಬಾರದು ಅಂತ ಮನೆ ಇನ್ವರ್ಟರ್‌ಗೆ ಹಾಕಿ ನೋಡಿದೆ. ಕರೆಂಟನ್ನು ಒರಟಾಗಿ ಕೊಡುವ ಹಳೇ ಸ್ಕ್ವೇರ್ ವೇವ್‌ನದು ಬರ್ ಅಂತ ಒದರಿತು. ನಯವಾಗಿ ಕೊಡುವ ಪಕ್ಕದ ಮನೆಯ ಸೈನ್ ವೇವ್‌ನದಕ್ಕೆ ವೈರ್ ಎಳೆದರೆ ಪೂರ್ತಿ ಶಾಂತ. ಈಗ ಬಾಡಿಗೆ ರೂಮಿಗೂ ಅಂಥದ್ದೇ ಹಾಕಿಸಿದ್ದೇವೆ, ಖರ್ಚು ಐದು ಜನ ಹಂಚಿಕೊಂಡೆವು. ಹಳ್ಳಿ ಕಾರ್ಯಕ್ರಮಗಳಲ್ಲಿ ಹಮ್ (ಎಡೆಬಿಡದ ಗುಂಯ್ ಸದ್ದು) ಬಂದರೆ ಕೆಲವರು ಪ್ಲಗ್‌ನ ಅರ್ಥ್ ಪಿನ್ ಮುರಿಯುತ್ತಾರೆ. ದಯವಿಟ್ಟು ಬೇಡ. ತಂತಿ ಹಿಡಿದುಕೊಂಡೇ ಮೈಕ್ ಮುಟ್ಟುತ್ತೀರಿ, ಜೀವಕ್ಕೇ ಕುತ್ತು.

ಇದೊಂದು ಸುಮ್ನೆ ಆಟಕ್ಕೆ ಮಾಡಿದ್ದು. ಸಂಗನಕಲ್ಲು ಹತ್ತಿರ ಕುಪ್ಪಗಲ್ಲು ಗುಡ್ಡದಲ್ಲಿ ತಟ್ಟಿದರೆ ನಾದ ಬರುವ ಕಲ್ಲುಗಳಿವೆ, ನವಶಿಲಾಯುಗದವರು ಬಡಿದ ಗುರುತೂ ಇದೆ. ಗೆಳೆಯ ಮೆಲ್ಲಗೆ ತಟ್ಟಿದ, ನಾನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಆಕ್ಸ್ ಜಾಕ್‌ನಿಂದ ಆಂಪ್‌ಗೆ ಕೊಟ್ಟೆ. ಟಣ್ ಅನ್ನುವ ತುದಿ ಮಂಕಾಯಿತು. ಇದರಲ್ಲಿ ಮೇಲಿನ ಸ್ವರ ಅಷ್ಟಕ್ಕಷ್ಟೇ ಅಂತ ಗೊತ್ತಾಯಿತು. ಟ್ರ್ಯಾಕ್ ಹಾಕಿ ಹಾಡಲು ಇದನ್ನು ನಂಬಬೇಡಿ. ಬೇಸ್‌ಗೆ ಆ ತುದಿ ಬೇಕಾಗಿಯೂ ಇಲ್ಲ.

ಎಲ್ಲಿ ಆಗಲ್ಲ ಅಂತಲೂ ಹೇಳಬೇಕು. ಗಣೇಶನ ಮುಂದೆ ಬಯಲಿನಲ್ಲಿ, ಮಿಕ್ಸರ್ ಇಲ್ಲದೆ, ಜೋರು ಕೈಯ ಡ್ರಮ್ಮರ್ ಜೊತೆ ಇದೊಂದೇ ಸಾಲದು. ಐದು ತಂತಿಯವರಿಗೆ ಕೆಳಗಿನ ಬಿ 31 ಹರ್ಟ್ಜ್‌ಗೆ ಇಳಿಯುತ್ತದೆ. ಅವರು 16-17 ಕೆಜಿ ಆದರೂ ಪರವಾಗಿಲ್ಲ ಅಂತ ಎರಡು 10 ಇಂಚಿನದಕ್ಕೆ ಹೋಗುವುದು ಒಳ್ಳೆಯದು.

ಆಟೋ ಖರ್ಚು ಉಳಿದ ಲೆಕ್ಕದಲ್ಲಿ ಆಂಪ್‌ನ ದುಡ್ಡು ವರ್ಷ, ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ವಾಪಸ್ ಬಂತು. ಸಂಡೂರು ಕಡೆ ಹೋಗಿಬಂದರೆ ಕೆಂಪು ಅದಿರಿನ ಧೂಳು ಗ್ರಿಲ್ ಬಟ್ಟೆಯಲ್ಲಿ ಕೂರುತ್ತದೆ. ಒಣ ಬ್ರಷ್‌ನಲ್ಲೇ ತೆಗೆಯಿರಿ, ಒದ್ದೆ ಬಟ್ಟೆ ಹಾಕಿದರೆ ಕಲೆ ನಿಲ್ಲುತ್ತದೆ. ಬೈಕ್ ಸೀಟ್ ಹೊಲಿಯುವವರ ಹತ್ತಿರ 450 ಕೊಟ್ಟು ರೆಕ್ಸಿನ್ ಕವರ್ ಹೊಲಿಸಿದ್ದೇನೆ, ಹಿಂದೆ ಪವರ್ ಕೇಬಲ್‌ಗೆ ಒಂದು ಜೇಬು ಇಡಿಸಿ. ಹಿಡಿ ಬರುವ ಜಾಗದಲ್ಲಿ ಸೀಳು ಬಿಡಲು ಮೊದಲೇ ಹೇಳಿ, ಇಲ್ಲದಿದ್ದರೆ ಪೂರ್ತಿ ಮುಚ್ಚಿ ಹೊಲಿದುಬಿಡುತ್ತಾರೆ.