ಹಳೆಯ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಕಿಡಿಯನ್ನು ಹುಡುಕಿ

ಡಿಸೆಂಬರ್ ಚಳಿಯಲ್ಲಿ ಚಿಕ್ಕಬಳ್ಳಾಪುರದ ಸುತ್ತಮುತ್ತ ರಾತ್ರಿಯಿಡೀ ಬಯಲಿನಲ್ಲಿ ನಿಂತ ಕಾರಿನ ಬಾನೆಟ್ಟು ಬೆಳಗಾಗುವ ಹೊತ್ತಿಗೆ ಇಬ್ಬನಿಯಿಂದ ತೊಯ್ದಿರುತ್ತದೆ. ಪದ್ಮಿನಿ, ಅಂಬಾಸಿಡರ್ ಕಾಲದ ಪೆಟ್ರೋಲ್ ಕಾರುಗಳು ಮೊಂಡು ಹಿಡಿಯುವುದು ಹೆಚ್ಚಾಗಿ ಇಂತಹ ಬೆಳಗಿನಲ್ಲಿಯೇ. ಆಗ ಅನೇಕರು ಮೊದಲು ಹೊಸ ಪ್ಲಗ್ (ಸಿಲಿಂಡರಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹತ್ತಿಸುವ ಭಾಗ) ತಂದು ಹಾಕುತ್ತಾರೆ. ಆ ಕ್ರಮ ಸರಿಯಲ್ಲ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಪ್ಲಗ್ ತಲುಪುವ ದಾರಿಯಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯದೆ ಯಾವ ಭಾಗವನ್ನೂ ಬದಲಿಸಬಾರದು.

ಮೊದಲಿಗೆ ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ಬೆಳಕು ಪೂರ್ತಿ ಮಂಕಾಗಿ ಎಂಜಿನ್ ತಿರುಗದಿದ್ದರೆ ದೋಷವಿರುವುದು ಬ್ಯಾಟರಿಯಲ್ಲಿ ಅಥವಾ ಬಿಳಿ ಉಪ್ಪುಗಟ್ಟಿದ ಟರ್ಮಿನಲ್‌ನಲ್ಲಿ. ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ.

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಮುಂದಿನ ಪರೀಕ್ಷೆಯೇ ಮುಖ್ಯ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ಕಾಯಿಲ್‌ನಿಂದ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ) ಡಿಸ್ಟ್ರಿಬ್ಯೂಟರ್‌ನ (ಆ ಕರೆಂಟನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಭಾಗ) ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್‌ನಿಂದ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಬರಿಯ ಲೋಹದಿಂದ ಸುಮಾರು 6 ಮಿ.ಮೀ. ದೂರದಲ್ಲಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಇಲ್ಲಿ ಹರಿಯುವುದು ಸಾವಿರಾರು ವೋಲ್ಟ್ ಆದ್ದರಿಂದ ಬರಿಗೈ ತಾಗಿಸಬೇಡಿ.

ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುತ್ತ ಕಾಯಿಲ್‌ನ ಕರೆಂಟು ಕಡಿದು ಕೂಡಿಸುವ ಸ್ವಿಚ್) ಎರಡೂ ಕೆಲಸ ಮಾಡುತ್ತಿವೆ. ದೋಷ ಅಲ್ಲಿಂದ ಮುಂದಿದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ಒಳಭಾಗವನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಹನಿಗಳಿದ್ದರೆ ಒಣಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟರೆ ಸಾಕು, ನಮ್ಮ ಕಡೆಯ ಚಳಿಗಾಲಕ್ಕೆ ಎಷ್ಟೋ ಬಾರಿ ಇಷ್ಟೇ ಮದ್ದು. ಆದರೆ ಎರಡು ಲೋಹದ ತುದಿಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಂತಹ ಕೂದಲೆಳೆಯ ಕಪ್ಪು ಗೆರೆ ಕಂಡರೆ, ಕಿಡಿ ಆ ಗೆರೆಯ ಮೇಲೆಯೇ ಅಡ್ಡದಾರಿ ಹಿಡಿದು ಸೋರಿಹೋಗುತ್ತಿದೆ. ಅದು ಒರೆಸಿದರೆ ಹೋಗುವಂಥದ್ದಲ್ಲ, ಮುಚ್ಚಳವನ್ನೇ ಬದಲಿಸಬೇಕು. ವೈರುಗಳನ್ನು ಕೀಳುವ ಮೊದಲು ಗುರುತು ಹಾಕಿಕೊಳ್ಳಿ. ಈ ಎರಡೂ ಕಾರುಗಳಲ್ಲಿ ಸಿಲಿಂಡರ್‌ಗಳು ಉರಿಯುವ ಕ್ರಮ 1-3-4-2, ಪ್ಲಗ್ ವೈರುಗಳು ಮುಚ್ಚಳದಲ್ಲಿ ಅದೇ ಕ್ರಮದಲ್ಲಿ ಕೂರಬೇಕು.

ಕಿಡಿಯೇ ಬರದಿದ್ದರೆ ಟೆಸ್ಟ್ ಲ್ಯಾಂಪಿನ (ಎರಡು ವೈರು ಕಟ್ಟಿದ 12 ವೋಲ್ಟ್‌ನ ಸಣ್ಣ ಬಲ್ಬು) ಒಂದು ತುದಿಯನ್ನು ಕಾರಿನ ಬಾಡಿಯ ಬರಿಯ ಲೋಹಕ್ಕೆ, ಇನ್ನೊಂದನ್ನು ಕಾಯಿಲ್‌ಗೆ ಕರೆಂಟು ಬರುವ ಟರ್ಮಿನಲ್‌ಗೆ ಹಿಡಿದು ಕೀಲಿ ತಿರುಗಿಸಿ. ದೀಪ ಹತ್ತದಿದ್ದರೆ ಇಗ್ನಿಷನ್ ಸ್ವಿಚ್ ಮತ್ತು ಅದರ ವೈರನ್ನು ನೋಡಬೇಕು. ಹತ್ತಿದರೆ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ ದೀಪ ಹಿಡಿದು ಸೆಲ್ಫ್ ಹೊಡೆಸಿ. ದೀಪ ಮಿಣುಕಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ, ಆಗ ಅನುಮಾನ ಕಾಯಿಲ್ ಮತ್ತು ಕಂಡೆನ್ಸರ್ (ಪಾಯಿಂಟ್ ತೆರೆಯುವಾಗ ಅದರ ಮುಖದಲ್ಲಿ ಕಿಡಿ ಹಾರದಂತೆ ತಡೆಯುವ ಭಾಗ) ಮೇಲೆ. ಒಂದೇ ಸಮನೆ ಉರಿದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ಅದರ ಮುಖಕ್ಕೆ ಕೊಳೆ ಕಟ್ಟಿದೆ. ನಯವಾದ ಉಪ್ಪುಕಾಗದದಿಂದ ತಿಕ್ಕಿ, ಪೂರ್ತಿ ತೆರೆದಾಗ ಅಂತರ 0.4ರಿಂದ 0.5 ಮಿ.ಮೀ. ಇರುವಂತೆ ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ಲೋಹದ ಪಟ್ಟಿಗಳು) ಹೊಂದಿಸಿ. ದೀಪ ಹತ್ತದೇ ಹೋದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ ಅಥವಾ ಕಾಯಿಲ್ ಒಳಗೇ ಕಡಿದಿದೆ.

ಪ್ಲಗ್ ಬಿಚ್ಚುವ ಸರದಿ ಇದೆಲ್ಲ ಮುಗಿದ ನಂತರ ಬರುತ್ತದೆ. ಅದು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ ಹಾಕಿ. ಕಿಡಿ ಚೆನ್ನಾಗಿದ್ದೂ ಪ್ಲಗ್ ಒಣಗಿಯೇ ಇದ್ದರೆ ಇಗ್ನಿಷನ್ನನ್ನು ಬಿಟ್ಟು ಪೆಟ್ರೋಲ್ ಪಂಪು, ಕಾರ್ಬುರೇಟರ್ ಕಡೆಗೆ ತಿರುಗಿ.