ಒಂದು ಡ್ರೆಸ್ಸು, ಮೂರು ವಾರ್ಷಿಕೋತ್ಸವ

ಭರತನಾಟ್ಯ ಕ್ಲಾಸಿನ ವಾರ್ಷಿಕೋತ್ಸವ ಅಂದರೆ ನಾನು ಗ್ರೀನ್ ರೂಮಿನಲ್ಲಿ ಸೂಜಿ ದಾರ ಹಿಡಿದು ಕೂತಿರುತ್ತೇನೆ. ಇಬ್ಬರು ಹೆಣ್ಣುಮಕ್ಕಳನ್ನು ಕ್ಲಾಸಿಗೆ ಬಿಟ್ಟು ಕರೆತರುವ ವರ್ಷಗಳಲ್ಲಿ ಈ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಪ್ರತಿ ವರ್ಷವೂ ನಾಲ್ಕೈದು ಮಕ್ಕಳದ್ದು ಒಂದೇ ಕಥೆ. ಹೋದ ವರ್ಷ ಹೊಲಿಸಿದ ರೇಷ್ಮೆ ಡ್ರೆಸ್ಸು, ತೊಟ್ಟಿದ್ದು ಎರಡೇ ಸಲ, ಈಗ ಬೆನ್ನ ಹಿಂದಿನ ಹುಕ್ಕು ಹತ್ತುತ್ತಿಲ್ಲ. ಬಿಚ್ಚಿ ಸಡಿಲ ಮಾಡೋಣ ಎಂದು ತಿರುವಿ ನೋಡಿದರೆ ಹೊಲಿಗೆಯ ಆಚೆ ಕಾಲಿಂಚು ಬಟ್ಟೆಯೂ ಇಲ್ಲ. ಒಂದು ಸೀರೆಯ ದುಡ್ಡು, ಹೊಲಿಗೆಯ ದುಡ್ಡು, ಎರಡೂ ಪಿನ್ನಿನ ಮೇಲೆ ನಿಂತಿರುತ್ತವೆ.

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ವರ್ಷಕ್ಕೆ ಸರಾಸರಿ 5ರಿಂದ 6 ಸೆಂಟಿಮೀಟರ್, ಅಂದರೆ 2 ಇಂಚಿನ ಮೇಲೆ ಬೆಳೆಯುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನ ಪಾಲು. ಎರಡು ವರ್ಷದ ಬೆಳವಣಿಗೆಗೆ ಬೇಕಾದ ಬಟ್ಟೆಯನ್ನು ಮೊದಲ ದಿನವೇ ಒಳಗೆ ಮಡಚಿಸಿಟ್ಟರೆ ಅದೇ ಡ್ರೆಸ್ಸು ಮೂರು ವಾರ್ಷಿಕೋತ್ಸವ ಮುಗಿಸಿ, ಆಮೇಲೆ ತಂಗಿಗೋ ಪಕ್ಕದ ಮನೆಯ ಮಗುವಿಗೋ ಹೋಗುತ್ತದೆ.

1. ಮೊದಲು ಮಿಸ್ ಹತ್ತಿರ ಕೇಳಿ

ಬಣ್ಣ ಯಾವುದು, ಅಂಗಡಿಯಲ್ಲಿ ಒಟ್ಟಿಗೆ ಆರ್ಡರ್ ಕೊಡುತ್ತಾರಾ, ನಮ್ಮ ಟೈಲರ್ ಹತ್ತಿರ ಹೊಲಿಸಬಹುದಾ, ಈ ವರ್ಷ ಎಷ್ಟು ಕಾರ್ಯಕ್ರಮ. ನಾಲ್ಕೇ ಪ್ರಶ್ನೆ. ಸಂಕೋಚ ಬೇಡ. ಒಬ್ಬರು ಬಾಯಿಬಿಟ್ಟು ಕೇಳಿದರೆ ಉಳಿದ ಹತ್ತು ತಾಯಂದಿರು ಉಸಿರು ಬಿಡುತ್ತಾರೆ.

2. ಬಾಡಿಗೆಯೋ, ಹೊಲಿಸುವುದೋ

ಜಾನಪದ ನೃತ್ಯ, ನವಿಲು, ಚಿಟ್ಟೆ, ಹೂವು ಇಂಥವಕ್ಕೆಲ್ಲ ಬಾಡಿಗೆಯೇ ಸರಿ. ನವಿಲಿನ ಡ್ರೆಸ್ಸು ಕೊಂಡು ಬೀರುವಿನಲ್ಲಿಟ್ಟವರು ಅದನ್ನು ಮತ್ತೆ ಹೊರಗೆ ತೆಗೆದಿದ್ದನ್ನು ನಾನು ಕಂಡಿಲ್ಲ. ಭರತನಾಟ್ಯಕ್ಕೂ ಮೊದಲ ಒಂದು ವರ್ಷ ಬಾಡಿಗೆ ಸಾಕು. ಮಗು ಕ್ಲಾಸಿನಲ್ಲಿ ಉಳಿಯುತ್ತದೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ವರ್ಷಕ್ಕೆ ಮೂರು ಸಲ ವೇದಿಕೆ ಹತ್ತುವ ಮಗುವಾದರೆ ಮಾತ್ರ ಹೊಲಿಸುವ ಲೆಕ್ಕ ಹಾಕಿ.

ಬಾಡಿಗೆ ಡ್ರೆಸ್ಸನ್ನು ಹಿಂದಿನ ದಿನವೇ ತಂದು ತೊಡಿಸಿ ನೋಡಿ. ತೊಡೆಸಂದಿನ ಹೊಲಿಗೆ, ಹುಕ್ಕು, ಲಾಡಿ, ಬಗಲಿನ ವಾಸನೆ, ಎಲ್ಲ ಪರೀಕ್ಷಿಸಿ. ಮೊದಲೇ ಇರುವ ಕಲೆ, ಹರಕುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಡೆಪಾಸಿಟ್ ವಾಪಸ್ ಕೇಳುವಾಗ ಅದೊಂದೇ ಸಾಕ್ಷಿ.

ಇನ್ನು ರೆಡಿಮೇಡ್ 'ಫ್ರೀ ಸೈಜ್' ಸೆಟ್ಟುಗಳು. ನನ್ನ ಕೈಗೆ ಸಿಕ್ಕವೆಲ್ಲ ಯಾವ ಮಗುವಿಗೂ ಸರಿಹೋಗದ ಸೈಜಿನವು. ಕೊಳ್ಳುವ ಮೊದಲು ಒಳಗನ್ನು ಹೊರಗೆ ಮಾಡಿ ನೋಡಿ. ಪಕ್ಕದ ಹೊಲಿಗೆಯಲ್ಲಿ ಬೆರಳಗಲ ಬಟ್ಟೆ ಬಿಟ್ಟಿಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

3. ಬಟ್ಟೆ

ಒಂದು ಸೀರೆ 5.5 ಮೀಟರ್, ರವಿಕೆ ಕಣ ಬೇರೆ. ಎಂಟು ವರ್ಷದ ಮಗುವಿಗೆ ಇದರಲ್ಲಿ ಇಡೀ ಡ್ರೆಸ್ಸಾಗಿ ಬಟ್ಟೆ ಮಿಗುತ್ತದೆ. ಮಿಕ್ಕ ತುಂಡನ್ನು ಟೈಲರ್ ಹತ್ತಿರ ಬಿಡದೆ ಕೇಳಿ ತನ್ನಿ, ಮುಂದೆ ಬೇಕಾಗುತ್ತದೆ. ಅಂಚು ಎರಡೂ ಬದಿಗೆ ಇರಬೇಕು. ಎರಡು ಮೂರು ಇಂಚಿನ ಅಂಚು ಮಕ್ಕಳಿಗೆ ಧಾರಾಳವಾಯಿತು. ಅಗಲ ಅಂಚಿನದ್ದು ತೊಡಿಸಿದರೆ ಮಗುವಿಗಿಂತ ಅಂಚೇ ಕಾಣುತ್ತದೆ.

ಮನೆಯ ಹಳೇ ರೇಷ್ಮೆ ಸೀರೆ ಕತ್ತರಿಸುವ ಮುಂಚೆ ಮಡಿಕೆಯ ಗೆರೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ಎಳೆ ಬಿಟ್ಟುಕೊಂಡರೆ ಆ ಸೀರೆ ಬೇಡ, ಎರಡನೇ ಕಾರ್ಯಕ್ರಮದಲ್ಲೇ ನೆರಿಗೆಯುದ್ದಕ್ಕೂ ಸೀಳುತ್ತದೆ. ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆಯ ಬಗ್ಗೆ ಮೂಗು ಮುರಿಯುವವರಿದ್ದಾರೆ. ವೇದಿಕೆಯ ದೀಪದ ಕೆಳಗೆ ಮೂರನೇ ಸಾಲಿನಿಂದಾಚೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಇಸ್ತ್ರಿ ಮಾತ್ರ ಹದವಾಗಿರಲಿ, ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಅಂಟುತ್ತದೆ.

'ಶಾಸ್ತ್ರದ ಪ್ರಕಾರ ಹೀಗೇ ಇರಬೇಕು' ಎಂದು ಯಾರಾದರೂ ದುಬಾರಿ ಬಟ್ಟೆ ತೋರಿಸಿದರೆ ಗಾಬರಿ ಬೇಡ. ಈ ಹೊಲಿದ ಡ್ರೆಸ್ಸು ಅಷ್ಟು ಹಳೆಯದೇನಲ್ಲ. 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ಅವರ ಕಾಲದಲ್ಲಿ ರೂಢಿಗೆ ಬಂದದ್ದು. ಅದಕ್ಕೂ ಮುಂಚೆ ಸೀರೆ ಉಟ್ಟೇ ಕುಣಿಯುತ್ತಿದ್ದರು. ಗಂಡುಮಕ್ಕಳ ತಾಯಂದಿರು ಈಗಲೂ ಅದೃಷ್ಟವಂತರು, ಒಂದು ಜರಿ ಪಂಚೆಯಲ್ಲಿ ಮುಗಿಯುತ್ತದೆ.

4. ಅಳತೆ: ಕೆಡುವುದೆಲ್ಲ ಇಲ್ಲೇ

ಟೈಲರ್ ಮಗುವನ್ನು ನೆಟ್ಟಗೆ ನಿಲ್ಲಿಸಿ ಟೇಪು ಹಿಡಿಯುತ್ತಾರೆ. ಮಗು ಕುಣಿಯುವುದು ಅರೆಮಂಡಿಯಲ್ಲಿ, ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕೂತ ಹಾಗೆ. ನಿಂತ ಅಳತೆಯ ಪೈಜಾಮ ಪೂರ್ಣಮಂಡಿಗೆ, ಅಂದರೆ ಪೂರ್ತಿ ಕುಕ್ಕರಗಾಲಿಗೆ, ಕೂತ ಕ್ಷಣ 'ಚರ್' ಅನ್ನುತ್ತದೆ. ಮೃದಂಗದ ನಡುವೆಯೂ ಆ ಸದ್ದು ನನಗೆ ಪರದೆಯ ಹಿಂದೆ ಕೇಳಿದೆ.

ಬಿಗಿಯಾದ ಲೆಗ್ಗಿಂಗ್ಸ್ ಹಾಕಿಸಿ ಕರೆದೊಯ್ಯಿರಿ. ಸೊಂಟದ ಸುತ್ತಳತೆ ಒಡ್ಯಾಣ ಕೂರುವ ಜಾಗದಲ್ಲಿ. ಕಾಲಿನ ಉದ್ದ ನಿಂತಾಗಿನದು. ಇಷ್ಟು ಟೈಲರಿಗೆ ಗೊತ್ತು. ಆಮೇಲೆ ಮಗುವನ್ನು ಪೂರ್ಣಮಂಡಿಯಲ್ಲಿ ಕೂರಿಸಿ, ಹಿಂದಿನ ಸೊಂಟದಿಂದ ತೊಡೆಸಂದಿನ ಮೂಲಕ ಮುಂದಿನ ಸೊಂಟದವರೆಗೆ ಟೇಪು ಎಳೆಸಿ. ಪೈಜಾಮದ ಪ್ರಾಣ ಇರುವುದು ಈ ಅಳತೆಯಲ್ಲಿ. ಇದಕ್ಕೆ ಇನ್ನೆರಡು ಇಂಚು ಸೇರಿಸಿ. ತೊಡೆಸಂದಿನಲ್ಲಿ ಒಂದು ಚೌಕ ತುಂಡು ಕೂಡಿಸಿ ಜೋಡಿ ಹೊಲಿಗೆ ಹಾಕಲು ಹೇಳಿ. ತೊಡೆಯ ಸುತ್ತಳತೆಯೂ ಕೂತಾಗಿನದೇ ಆಗಲಿ.

ಕಾಲುಗಳ ಮುಂದೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆಯ ತುಂಡೇ ಫ್ಯಾನ್. ಅದಕ್ಕೆ ಮಗುವನ್ನು ಅರೆಮಂಡಿಯಲ್ಲಿ ನಿಲ್ಲಿಸಿ ಮೊಣಕಾಲಿನಿಂದ ಮೊಣಕಾಲಿಗೆ ಅಳೆಯಿಸಿ. ನೆರಿಗೆ ಅಷ್ಟಗಲಕ್ಕೆ ಬಿಚ್ಚಿಕೊಳ್ಳಬೇಕು. ಕಡಿಮೆಯಾದರೆ ಮೊಣಕಾಲು ಕಟ್ಟಿಹಾಕಿದ ಹಾಗಾಗಿ ಮಿಸ್ ಬೈಗುಳ ಮಗುವಿಗೆ.

ರವಿಕೆಗೆ ಕೈ ಇಳಿಬಿಟ್ಟು ಅಳೆಯಿಸಬೇಡಿ. ನಾಟ್ಯಾರಂಭದಲ್ಲಿ ಹಿಡಿಯುವಂತೆ ಮೊಣಕೈ ಭುಜದ ಮಟ್ಟಕ್ಕೆ ಎತ್ತಿ, ಉಸಿರು ತುಂಬಿಕೊಂಡಾಗ ಎದೆಯ ಸುತ್ತಳತೆ. ರವಿಕೆಯ ಉದ್ದವೂ ಕೈ ಎತ್ತಿದಾಗಲೇ. ಇಲ್ಲದಿದ್ದರೆ ಪ್ರತಿ ಅಡವಿಗೂ, ಅಂದರೆ ಪ್ರತಿ ಹೆಜ್ಜೆಗೂ, ಹೊಟ್ಟೆ ಇಣುಕುತ್ತದೆ.

ಇನ್ನು ಒಳಗೆ ಹೆಚ್ಚುವರಿ ಬಟ್ಟೆ ಬಿಡಿಸುವ ವಿಷಯ. ಪಾವಡೆಗೆ ಕೆಳಗೆ ಮಡಚಿದಂತೆ ಇಲ್ಲಿ ಆಗುವುದಿಲ್ಲ, ಏಕೆಂದರೆ ಕೆಳಗೆ ಜರಿಯಂಚಿದೆ. ಆದ್ದರಿಂದ ಹೆಚ್ಚುವರಿ ಬಟ್ಟೆಯೆಲ್ಲ ಮೇಲೆ, ಸೊಂಟಪಟ್ಟಿಯ ಒಳಗೆ ಹೋಗಬೇಕು. ಪೈಜಾಮಕ್ಕೆ 3 ಇಂಚು, ಫ್ಯಾನಿಗೂ ಅಷ್ಟೇ. ಒಡ್ಯಾಣ ಮತ್ತು ಹಿಂದೆ ಕಟ್ಟುವ ತುಂಡು ಆ ದಪ್ಪವನ್ನು ಮುಚ್ಚುತ್ತವೆ. ರವಿಕೆಯ ಎರಡೂ ಪಕ್ಕಕ್ಕೆ ಒಂದೂವರೆ ಇಂಚು, ತೋಳಿನ ತುದಿಯಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ. ಕೆಳಗೆ 2 ಇಂಚು ಮಡಿಕೆ. ಬೆನ್ನಿಗೆ ಹುಕ್ಕಿನ ಕಾಜಾ ಎರಡು ಸಾಲು, ಮುಕ್ಕಾಲು ಇಂಚು ಅಂತರದಲ್ಲಿ.

"ಅಷ್ಟೊಂದು ಒಳಗೆ ಬಿಟ್ರೆ ಫಿಟಿಂಗ್ ಬರಲ್ಲ ಮೇಡಂ" ಅನ್ನುತ್ತಾರೆ ಟೈಲರ್. "ಬರದಿದ್ರೂ ಪರವಾಗಿಲ್ಲ ಅಣ್ಣ, ಬಿಡಿ" ಅಂದುಬಿಡಿ. ಹಾಗೆಂದು ಬಂದರೂ ಅಪಾಯ ತಪ್ಪಿಲ್ಲ. ಓವರ್‌ಲಾಕ್ ಮೆಷಿನ್ನಿಗೆ ಬ್ಲೇಡಿರುತ್ತದೆ. ಹೊಲಿದಾದ ಮೇಲೆ ಓವರ್‌ಲಾಕಿಗೆ ಹಾಕಿದ ಹುಡುಗ ನೀವು ಬೇಡಿಕೊಂಡು ಬಿಡಿಸಿದ ಒಂದೂವರೆ ಇಂಚನ್ನು ಸರಕ್ಕನೆ ಕತ್ತರಿಸಿ ಹಾಕುತ್ತಾನೆ. ನನ್ನ ದೊಡ್ಡ ಮಗಳ ಹಸಿರು ಡ್ರೆಸ್ಸು ಹೋದದ್ದು ಹೀಗೇ. ಮೊದಲು ಅಂಚಿಗೆ ಓವರ್‌ಲಾಕ್, ಆಮೇಲೆ ಪಕ್ಕದ ಹೊಲಿಗೆ ಎಂದು ಚೀಟಿಯಲ್ಲಿ ಬರೆದು ಬಟ್ಟೆಗೇ ಪಿನ್ ಮಾಡಿ ಬನ್ನಿ. ಮುಂದೆ ಬಿಚ್ಚಬೇಕಾದ ಹೊಲಿಗೆಗಳು ದೊಡ್ಡ ದೊಡ್ಡದಾಗಿರಲಿ. ತೂತು ಕಡಿಮೆ, ಬಿಚ್ಚುವುದೂ ಸಲೀಸು.

ಹುಕ್ಕಿನ ಬದಲು ವೆಲ್ಕ್ರೊ ಹಾಕಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಜರಿಯ ಎಳೆಯನ್ನೆಲ್ಲ ಕಿತ್ತುಕೊಳ್ಳುತ್ತದೆ, ನಾಲ್ಕು ಸಲಕ್ಕೆ ಹಿಡಿತವೂ ಬಿಡುತ್ತದೆ. ಸೊಂಟಕ್ಕೆ ಎಲಾಸ್ಟಿಕ್ ಇದ್ದರೂ ಲಾಡಿ ಇರಲೇಬೇಕು.

5. ಟ್ರಯಲ್

ಅಂಚು ಕೂಡಿಸುವ ಮೊದಲು ಟ್ರಯಲ್ ಕೇಳಿ. ತೊಡಿಸಿ ಕನ್ನಡಿ ಮುಂದೆ ನಿಲ್ಲಿಸಿದರೆ ಏನೂ ತಿಳಿಯದು. ತಟ್ಟಡವು, ಮಂಡಿ ಅಡವು ಎರಡನ್ನೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಅಂಗಡಿಯಲ್ಲೇ ಮಾಡಿಸಿ. ನಾಚಿಕೆ ಮಗುವಿಗಿಂತ ನಿಮಗೇ ಜಾಸ್ತಿ ಆಗುತ್ತದೆ, ತಡೆದುಕೊಳ್ಳಿ.

6. ಒಡವೆ, ಗೆಜ್ಜೆ

ಒಡವೆ ಸಾಲ ತನ್ನಿ. ಅಕ್ಕತಂಗಿಯರು, ಸೀನಿಯರ್ ಮಕ್ಕಳು, ಯಾರದ್ದಾದರೂ ಆದೀತು. ತಲೆಗೆ, ಜಡೆಗೆ ತೊಡಿಸುವ ಸೂರ್ಯ ಚಂದ್ರ, ರಾಕಡಿ, ಜಡೆಬಿಲ್ಲೆಗೆ ಸೈಜಿನ ಹಂಗಿಲ್ಲ. ಕೊಳ್ಳಲೇಬೇಕಾದರೆ ಕಲ್ಲನ್ನು ಉಗುರಿನಿಂದ ಮೀಟಿ ನೋಡಿ, ಬರೀ ಗೋಂದಿನಲ್ಲಿ ಅಂಟಿಸಿದ್ದು ಅಲ್ಲಾಡುತ್ತದೆ.

ಗೆಜ್ಜೆಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅಗ್ಗದ ಗೆಜ್ಜೆಯಲ್ಲಿ ಕಬ್ಬಿಣಕ್ಕೆ ಹಿತ್ತಾಳೆಯ ಲೇಪ ಕೊಟ್ಟಿರುತ್ತಾರೆ; ಬೆವರು ತಾಗಿ ತುಕ್ಕು ಹಿಡಿಯುತ್ತದೆ, ನಾದವೂ ಮೊಂಡು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಒಳ್ಳೆಯ ಗೆಜ್ಜೆ ಮಗುವಿನ ಜೊತೆಗೇ ಬೆಳೆಯುತ್ತದೆ, ಪಟ್ಟಿ ಬದಲಿಸಿ ಗೆಜ್ಜೆ ಕೂಡಿಸುತ್ತಾ ಹೋದರಾಯಿತು.

7. ಕಾರ್ಯಕ್ರಮ ಮುಗಿದ ರಾತ್ರಿ

ಎಷ್ಟೇ ಸುಸ್ತಾಗಿದ್ದರೂ ಡ್ರೆಸ್ಸನ್ನು ಕವರಿನಲ್ಲಿ ಮುದುರಿಟ್ಟು ಮಲಗಬೇಡಿ. ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಗಾಳಿಗೆ ಹಾಕಿ. ಆರಿದ ಮೇಲೆ ಬಿಳೀ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಬೇಡ, ನುಸಿಗುಳಿಗೆ ಜರಿಗೆ ತಾಗುವುದೂ ಬೇಡ. ಕೈಕಾಲಿಗೆ ಹಚ್ಚುವ ಕೆಂಪು ಬಣ್ಣ ಆಲ್ತಾ ಪೂರ್ತಿ ಒಣಗಿದ ಮೇಲೇ ಡ್ರೆಸ್ಸು ತೊಡಿಸಿ. ಆ ಕೆಂಪು ರೇಷ್ಮೆಗೆ ಹತ್ತಿದರೆ ನನ್ನ ಹತ್ತಿರವೂ ಮದ್ದಿಲ್ಲ.

8. ಮುಂದಿನ ವರ್ಷ ಬಿಚ್ಚುವಾಗ

ಕಾರ್ಯಕ್ರಮಕ್ಕೆ ಒಂದು ತಿಂಗಳಿರುವಾಗಲೇ ತೆಗೆದು ತೊಡಿಸಿ ನೋಡಿ. ಹಳೇ ಹೊಲಿಗೆ ಬಿಚ್ಚಿದ ಗೆರೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹದವಾಗಿ ಇಸ್ತ್ರಿ ಮಾಡಿ, ಉಗುರಿನಿಂದ ಮೆಲ್ಲಗೆ ತೀಡಿದರೆ ತೂತು ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಒಳಗಿದ್ದ ಬಟ್ಟೆ ಹೊಸ ಬಣ್ಣದಲ್ಲಿ ಎದ್ದು ಕಂಡರೂ ಪಕ್ಕದಲ್ಲಿ ತಾನೇ, ಮೇಲೆ ದಾವಣಿ ಬರುತ್ತದೆ. ಸಾಲದಿದ್ದರೆ ಟೈಲರಿಂದ ತಂದಿಟ್ಟ ತುಂಡು ಬಗಲಿಗೆ ಹೋಗಲಿ. ಎಷ್ಟು ಬಿಚ್ಚಿದಿರಿ, ಇನ್ನೆಷ್ಟು ಉಳಿದಿದೆ ಎಂದು ಚೀಟಿ ಬರೆದು ಡ್ರೆಸ್ಸಿನೊಳಗೇ ಇಡಿ. ಚಿಕ್ಕವಳ ನೀಲಿ ಡ್ರೆಸ್ಸಿನ ಚೀಟಿಯಲ್ಲಿ ಈಗ ನಾಲ್ಕು ಕೈಬರಹಗಳಿವೆ, ಮೊದಲನೆಯದು ಮಾತ್ರ ನನ್ನದು. ಪಕ್ಕದಲ್ಲಿ ಇನ್ನೂ ಅರ್ಧ ಇಂಚು ಬಾಕಿಯಿದೆ.