14 ನಿಮಿಷದ ಹಾಡು ಇಟ್ಟುಕೊಂಡು 11 ವರ್ಷ

ನಮ್ಮ ಸೈಕಡೆಲಿಕ್ ಬ್ಯಾಂಡಿನ ಮೊದಲ ಶೋಗೆ ಸಿಕ್ಕಿದ್ದು 30 ನಿಮಿಷ. ಚೀಟಿಯಲ್ಲಿ ಬರೆದುಕೊಂಡಿದ್ದು ಮೂರು ಹಾಡು. ಮೊದಲನೆಯದು ಮುಗಿಯುವ ಹೊತ್ತಿಗೇ 17 ನಿಮಿಷ ಆಗಿತ್ತು. ಎರಡನೆಯದರ ನಡುವೆ ಸೌಂಡ್ ನೋಡಿಕೊಳ್ಳುತ್ತಿದ್ದವರು ಕೈಗಡಿಯಾರ ತೋರಿಸಿದರು, ನಾನು ನೋಡಿಯೂ ನೋಡದವನ ಹಾಗೆ, ಗಿಟಾರ್ ಸದ್ದು ಬದಲಿಸುವ ಪೆಡಲ್‌ಗಳ ಮೇಲೆ ಬಗ್ಗಿಕೊಂಡೆ, ಅವರು ಇನ್ನೆರಡು ನಿಮಿಷ ಕಾದು ಸ್ಪೀಕರ್‌ಗಳ ಸದ್ದಿನ ಮೇನ್ ಫೇಡರ್ ಇಳಿಸಿಯೇಬಿಟ್ಟರು. ಹಾಡುವವನ ದನಿ ಮಾಯ. ಡ್ರಮ್ಸ್, ಆಂಪ್‌ಗಳ (ಗಿಟಾರ್ ಸದ್ದು ಜೋರು ಮಾಡುವ ಪೆಟ್ಟಿಗೆಗಳ) ಸದ್ದು ಮಾತ್ರ ಉಳಿಯಿತು. ಪಾಪ, ಅವನು ಕಣ್ಣು ಮುಚ್ಚಿಕೊಂಡು ಬಾಯಿ ಆಡಿಸುತ್ತಲೇ ಇದ್ದ. ಮುಂದಿನ ಬ್ಯಾಂಡಿನ ಡ್ರಮ್ಮರ್ ತನ್ನ ಸ್ನೇರ್ ಡ್ರಮ್ ಕಂಕುಳಲ್ಲಿ ಇಟ್ಟುಕೊಂಡು ಸ್ಟೇಜ್ ಪಕ್ಕದಲ್ಲಿ ನಿಂತಿದ್ದ. ತಪ್ಪು ಪೂರ್ತಿ ನಮ್ಮದೇ. ಆದರೆ ಅವತ್ತು ನಮಗೆ ಹಾಗನ್ನಿಸಲಿಲ್ಲ, ಏನೋ ದೊಡ್ಡ ಅನ್ಯಾಯ ಆದ ಹಾಗೆ ವ್ಯಾನ್‌ನಲ್ಲಿ ಕೂತು ಗೊಣಗಿದೆವು.

11 ವರ್ಷ ಆಯಿತು. ಯಾರಾದರೂ "ನಿಮ್ಮ ಬ್ಯಾಂಡಿನ ಕಥೆ ಹೇಳಿ" ಅಂದರೆ ನನಗೆ ಮೊದಲು ನೆನಪಾಗುವುದು ಆ ಕೈಗಡಿಯಾರ. ನಮ್ಮದೆಲ್ಲಾ ನಿಮಿಷಗಳ ಜೊತೆ ನಡೆದ ಜಗಳ. ಹಾಡು ಉದ್ದ, ಜಗತ್ತು ಕೊಡುವ ಜಾಗ ಗಿಡ್ಡ. ಸ್ಟೇಜ್‌ಗೊಂದು ಅಳತೆ, ರೆಕಾರ್ಡಿಗೊಂದು ಅಳತೆ, ಸ್ಟ್ರೀಮಿಂಗ್‌ಗೊಂದು ಅಳತೆ. ಕೊನೆಗೆ ಕಿವಿಗೂ ಒಂದು ಅಳತೆ ಇದೆ ಅಂತ ಗೊತ್ತಾಯಿತು. ಅದು ತಡವಾಗಿ.

ಸೈಕಡೆಲಿಕ್ ಅಂದ ತಕ್ಷಣ "ಏನು ತಗೋತೀರಾ?" ಅಂತ ಕಣ್ಣು ಹೊಡೆಯುವವರು ಇದ್ದಾರೆ. ಈ ಪದವನ್ನು 1956ರಲ್ಲಿ ಹುಟ್ಟಿಸಿದ್ದು ಹಂಫ್ರಿ ಆಸ್ಮಂಡ್ ಅನ್ನುವ ಮನೋವೈದ್ಯ, ಅದೂ ಎಲ್‌ಎಸ್‌ಡಿ ತರಹದ ಭ್ರಮೆ ಹುಟ್ಟಿಸುವ ವಸ್ತುಗಳ ಬಗ್ಗೆ ಮಾತಾಡುವಾಗಲೇ, ಹಾಗಾಗಿ ಅವರ ಅನುಮಾನ ಸುಳ್ಳೇನಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಏಳು ಪೆಡಲ್‌ಗಳಲ್ಲಿ ಯಾವುದು ಆನ್ ಯಾವುದು ಆಫ್ ಅಂತ ನೆನಪಿಟ್ಟುಕೊಳ್ಳುವುದಕ್ಕೆ ತಲೆ ನೆಟ್ಟಗಿರಬೇಕು. ಅಷ್ಟೇ.

ಹಾಡು ಮಾಡುವ ರೀತಿ ಹೇಳುತ್ತೇನೆ. ಬೇಸ್ ಒಂದೇ ಸ್ವರ ಹಿಡಿದು ಕೂರುತ್ತದೆ, ತಂಬೂರಿ ಮೀಟಿದ ಹಾಗೆ. ಅದರ ಮೇಲೆ ಡ್ರಮ್ಸ್, ಅದರ ಮೇಲೆ ಆರ್ಗನ್, ಆಮೇಲೆ ನನ್ನ ಗಿಟಾರ್. 50 ನಿಮಿಷ, ಒಂದು ಗಂಟೆ, ನಿಲ್ಲಿಸದೆ ನುಡಿಸುತ್ತೇವೆ. ಕೋಣೆಯ ನಡುವೆ ಒಂದು ಫೋನ್ ರೆಕಾರ್ಡ್ ಆಗುತ್ತಿರುತ್ತದೆ. ಮಾರನೇ ದಿನ ನಾಲ್ಕೂ ಜನ ಬೇರೆ ಬೇರೆ ಕೂತು ಕೇಳಿ, ಚೆನ್ನಾಗಿದೆ ಅನ್ನಿಸಿದ ಜಾಗಗಳ ನಿಮಿಷ-ಸೆಕೆಂಡ್ ಬರೆದುಕೊಳ್ಳುತ್ತೇವೆ. ಒಬ್ಬರ ಚೀಟಿ ಇನ್ನೊಬ್ಬರು ನೋಡುವ ಹಾಗಿಲ್ಲ. ಮೂರು ಚೀಟಿಯಲ್ಲಾದರೂ ಬಂದ ಜಾಗ ಮಾತ್ರ ಉಳಿಯುತ್ತದೆ. ಒಂದು ಗಂಟೆಯ ಜ್ಯಾಮ್‌ನಲ್ಲಿ ಅಂಥದ್ದು ನಾಲ್ಕೈದು ನಿಮಿಷ ಸಿಕ್ಕರೆ ಹಬ್ಬ. ಮೊದಲೆರಡು ವರ್ಷ ಹೀಗೆ ಮಾಡಿರಲಿಲ್ಲ. ನುಡಿಸುವಾಗ ಸುಖ ಸಿಕ್ಕಿದ್ದೆಲ್ಲಾ ಕೇಳುವಾಗಲೂ ಸುಖ ಕೊಡುತ್ತದೆ ಅಂದುಕೊಂಡಿದ್ದೆವು.

ನುಡಿಸಿದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಡಿಲೇ ಪೆಡಲ್ ನನಗೆ ಕಲಿಸಿದ್ದನ್ನು ಯಾವ ಗುರುವೂ ಕಲಿಸಿಲ್ಲ. ನಮ್ಮ 14 ನಿಮಿಷದ ಹಾಡು ನಿಮಿಷಕ್ಕೆ 96 ಬೀಟ್‌ನಲ್ಲಿ ಶುರುವಾಗುತ್ತದೆ. 60,000 ಮಿಲಿಸೆಕೆಂಡನ್ನು 96ರಿಂದ ಭಾಗಿಸಿದರೆ 625. ಡಿಲೇಯನ್ನು 625ಕ್ಕೆ ಇಟ್ಟರೆ ಪ್ರತಿ ಬೀಟ್‌ಗೂ ಸರಿಯಾಗಿ ಪ್ರತಿಧ್ವನಿ ಬೀಳುತ್ತದೆ. ಆದರೆ ಆಗಿನ ಡ್ರಮ್ಮರ್ ಮನುಷ್ಯ ಅಲ್ವಾ, ಒಂಬತ್ತನೇ ನಿಮಿಷಕ್ಕೆ ಹುರುಪು ಬಂದು 104ಕ್ಕೆ ಏರಿರುತ್ತಿದ್ದ. ಆಗ ಬೇಕಾದ್ದು 577. ಪೆಡಲ್ ಮಾತ್ರ ಇನ್ನೂ 625ರಲ್ಲೇ ಕೂತಿರುತ್ತಿತ್ತು. ಕೇಳುವವರಿಗೆ ಇಬ್ಬರು ಡ್ರಮ್ಮರ್‌ಗಳು ಜಗಳ ಆಡುತ್ತಿರುವ ಹಾಗೆ ಕೇಳುತ್ತಿತ್ತು. ತಾಳ ತಪ್ಪದಿರಲು ಡ್ರಮ್ಮರ್ ಕಿವಿಗೆ ಕ್ಲಿಕ್ ಸದ್ದು ಹಾಕಿ ನೋಡಿದೆವು, ಹಾಡು ಸತ್ತೇ ಹೋಯಿತು. ಪೆಡಲನ್ನು ಕಾಲಿನಿಂದ ತಾಳಕ್ಕೆ ಟ್ಯಾಪ್ ಮಾಡಿ ಸರಿಮಾಡುವುದು ಪರವಾಗಿಲ್ಲ, ಆದರೆ ನನ್ನ ಗಮನವೆಲ್ಲಾ ಕಾಲಿನಲ್ಲೇ. ಕೊನೆಗೆ ಹಿಡಿದ ದಾರಿ ತೀರಾ ಸರಳ: ನನ್ನ ಡಿಲೇ ಸದ್ದನ್ನೇ ಡ್ರಮ್ಮರ್ ಪಕ್ಕದ ಮಾನಿಟರ್ ಸ್ಪೀಕರ್‌ಗೆ ಜೋರಾಗಿ ಕಳಿಸುವುದು. ಈಗ ಡ್ರಮ್ಮರ್ ಅದನ್ನು ಹಿಂಬಾಲಿಸುತ್ತಾನೆ. ಓಡಬೇಕು ಅನ್ನಿಸಿದರೆ ತಲೆ ಎತ್ತಿ ನನ್ನನ್ನು ನೋಡುತ್ತಾನೆ, ಆಗ ಮಾತ್ರ ನಾನು ಟ್ಯಾಪ್ ಮಾಡುತ್ತೇನೆ.

ಟೇಪಿನ ತುಂಡನ್ನು ಬಳೆಯ ಹಾಗೆ ಅಂಟಿಸಿ ಒಂದೇ ಸದ್ದನ್ನು ಮತ್ತೆ ಮತ್ತೆ ಕೇಳಿಸುವ ಟೇಪ್ ಲೂಪ್ ಹುಚ್ಚೂ ಇತ್ತು. ಸೆಕೆಂಡಿಗೆ 19 ಸೆಂ.ಮೀ. ಓಡುವ ಹಳೆ ರೀಲ್ ಯಂತ್ರ ಒಂದು ಸಿಕ್ಕಿತ್ತು. 4 ಸೆಕೆಂಡಿನ ಲೂಪ್ ಅಂದರೆ 76 ಸೆಂ.ಮೀ. ಟೇಪ್. ಕತ್ತರಿಸಿ, ಎರಡು ತುದಿ ಅಂಟಿಸಿ, ಯಂತ್ರದಿಂದ ಹೊರಗೆ ತಂದು ಒಬ್ಬರು ಪೆನ್ಸಿಲ್‌ಗೆ ಸಿಕ್ಕಿಸಿ ಬಿಗಿಯಾಗಿ ಹಿಡಿದುಕೊಳ್ಳಬೇಕು. 1966ರಲ್ಲಿ ಅಬೇ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್‌ಗಾಗಿ ಹೀಗೇ ಹಿಡಿದು ನಿಂತಿದ್ದರಂತೆ ಅಂತ ಓದಿ ನಾವೂ ನಿಂತೆವು. ನೇರಕ್ಕೆ ಕತ್ತರಿಸಿದರೆ ಅಂಟಿಸಿದ ಜಾಗದಲ್ಲಿ "ಟಕ್" ಅನ್ನುತ್ತದೆ, ಓರೆಯಾಗಿ ಕತ್ತರಿಸಿದರೆ ಸದ್ದು ಒಂದರೊಳಗೊಂದು ಜಾರುತ್ತದೆ. ಹತ್ತು ಲೂಪ್ ಮಾಡಿದರೆ ಒಂದು ಕೇಳುವ ಹಾಗಿರುತ್ತಿತ್ತು. ಆ ಒಂದಕ್ಕೋಸ್ಕರ ಕೈ ನಡುಗುವವರೆಗೆ ಪೆನ್ಸಿಲ್ ಹಿಡಿದಿದ್ದೇನೆ, ಬೇಜಾರಿಲ್ಲ.

ಮೊದಲ ಆಲ್ಬಮ್ ನಾವೇ ರೆಕಾರ್ಡ್ ಮಾಡಿದೆವು. ಡ್ರಮ್ಸ್‌ಗೆ ನಾಲ್ಕೇ ಮೈಕ್, ನಾಲ್ವರೂ ಒಂದೇ ಕೋಣೆಯಲ್ಲಿ, ಹಾಡಿನ ದನಿ ಮಾತ್ರ ಆಮೇಲೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚೆನ್ನಾಗಿಯೇ ಬಂತು. ಕೈ ಸುಟ್ಟುಕೊಂಡಿದ್ದು ವೈನಿಲ್ ರೆಕಾರ್ಡ್ ಮಾಡಿಸುವಾಗ.

12 ಇಂಚಿನ ಎಲ್‌ಪಿಯಲ್ಲಿ ಒಂದು ಬದಿಗೆ 20 ನಿಮಿಷದ ಆಸುಪಾಸು ಇದ್ದರೆ ಕ್ಷೇಮ. ನಮ್ಮ ಮೊದಲ ಬದಿ 26 ನಿಮಿಷ. ಪಿಂಕ್ ಫ್ಲಾಯ್ಡ್ 1971ರಲ್ಲಿ ಇಡೀ ಒಂದು ಬದಿಗೆ 23 ನಿಮಿಷದ ಒಂದೇ ಹಾಡು ಹಾಕಿರಲಿಲ್ವಾ, ನಾವೂ ಹಾಕೋಣ ಅಂತ ನಮ್ಮ ವಾದ. ಮಾಸ್ಟರಿಂಗ್ ಮಾಡಿದವರು, ಅಂದರೆ ರೆಕಾರ್ಡಿಗೆ ಸದ್ದು ಹದಮಾಡಿದವರು, ಮೊದಲೇ ಎಚ್ಚರಿಸಿದ್ದರು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಟೆಸ್ಟ್ ಪ್ರೆಸಿಂಗ್, ಅಂದರೆ ಮೊದಲ ಮಾದರಿ ರೆಕಾರ್ಡ್, ಬಂತು. ಸೂಜಿ ಇಟ್ಟೆವು. ನಮ್ಮ ಹಾಡು ಪಕ್ಕದ ಮನೆಯಲ್ಲಿ ಯಾರೋ ಹಾಕಿದ ಹಾಗೆ ಕೇಳಿಸಿತು. ಸಮಯ ಜಾಸ್ತಿ ಆದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಬೇಸ್ ಜೋರಾಗಿದ್ದರೆ ಗೆರೆ ಅಗಲವಾಗಿ ಅಲುಗಾಡುತ್ತದೆ, ಎರಡಕ್ಕೂ ಜಾಗ ಇಲ್ಲ, ಹಾಗಾಗಿ ಇಡೀ ಬದಿಯ ಸದ್ದನ್ನೇ ತಗ್ಗಿಸುತ್ತಾರೆ. ಅದಾದರೂ ತಡೆದುಕೊಳ್ಳಬಹುದಿತ್ತು. ಇನ್ನೊಂದು ಸಂಗತಿ ನಮಗೆ ಹೊಳೆದೇ ಇರಲಿಲ್ಲ. ರೆಕಾರ್ಡಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋಗುತ್ತದೆ. ಒಳಗೆ ಲೇಬಲ್ ಹತ್ತಿರ ಬರುವಾಗ ಅದು 21ರ ಆಸುಪಾಸಿಗೆ ಇಳಿದಿರುತ್ತದೆ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದರೆ ಕರಕರ ಅನ್ನದೆ ಇರುತ್ತದಾ? ನಮ್ಮ ಹಾಡುಗಳ ಸ್ವಭಾವ ನೋಡಿ: ಮೆಲ್ಲಗೆ ಶುರು, ಕೊನೆಯಲ್ಲಿ ಗಿಟಾರ್‌ನ ಒಡಕು ಸದ್ದು (ಫಜ್), ಆರ್ಗನ್, ಸಿಂಬಲ್ ಎಲ್ಲಾ ಒಟ್ಟಿಗೆ ಸ್ಫೋಟ. ಅಂದರೆ ರೆಕಾರ್ಡಿನ ಅತಿ ಕೆಟ್ಟ ಜಾಗಕ್ಕೆ ನಮ್ಮ ಅತಿ ಜೋರಿನ ಭಾಗ ಹೋಗಿ ಕೂತಿತ್ತು.

ಮತ್ತೆ ಕೊರೆಸಿದೆವು. ಎರಡನೇ ಸಲದ ದುಡ್ಡು ಡ್ರಮ್ಮರ್ ಸಾಲ ಕೊಟ್ಟ. ಒಂದು ಹಾಡನ್ನು ಇನ್ನೊಂದು ಬದಿಗೆ ಕಳಿಸಿ, ಉದ್ದದ್ದನ್ನು ಬದಿಯ ಮೊದಲಿಗೆ ತಂದು, ಕೊನೆಗೆ ಬರೀ ಗಿಟಾರ್ ಮತ್ತು ದನಿಯ ಮೆಲ್ಲನೆಯ ಹಾಡು ಇಟ್ಟೆವು. "ಆಲ್ಬಮ್ಮಿನ ಹಾಡುಗಳ ಕ್ರಮ ಎಷ್ಟು ಚೆನ್ನಾಗಿ ಯೋಚಿಸಿದ್ದೀರಿ" ಅಂತ ಆಮೇಲೆ ಒಬ್ಬರು ಹೊಗಳಿದರು. ಸುಮ್ನೆ ನಕ್ಕೆವು.

ಎರಡನೇ ಆಲ್ಬಮ್‌ಗೆ ಒಂದು ಚಿಕ್ಕ ರೆಕಾರ್ಡ್ ಕಂಪನಿ (ಲೇಬಲ್) ಸಿಕ್ಕಿತು. ಒಪ್ಪಂದದಲ್ಲಿ ಮಾಸ್ಟರ್ (ಮೂಲ ರೆಕಾರ್ಡಿಂಗ್) ಹಕ್ಕು ಅವರಿಗೆ, ಎಷ್ಟು ವರ್ಷ ಅನ್ನುವ ಸಾಲೇ ಇರಲಿಲ್ಲ. ಸಂತೋಷದಲ್ಲಿ ಸಹಿ ಹಾಕಿದೆವು. ಲೇಬಲ್ ನಿಂತುಹೋಯಿತು, ಹಾಡುಗಳು ಸಿಕ್ಕಿಹಾಕಿಕೊಂಡವು. ಮೂರು ವರ್ಷ ಪತ್ರ ಬರೆದೂ ಬರೆದೂ ವಾಪಸ್ ಪಡೆದೆವು. ನೀವು ಯಾರ ಜೊತೆ ಸಹಿ ಹಾಕಿದರೂ "ಇಷ್ಟು ವರ್ಷದ ನಂತರ ಹಕ್ಕು ಬ್ಯಾಂಡಿಗೆ ವಾಪಸ್" ಅನ್ನುವ ಒಂದು ಸಾಲು ಕೇಳಿ. ಆ ಸಾಲಿಗೆ ಒಪ್ಪದವರ ಜೊತೆ ಕೆಲಸ ಬೇಡ.

ಸ್ಟ್ರೀಮಿಂಗ್ ವಿಷಯ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. 14 ನಿಮಿಷ ಪೂರ್ತಿ ಕೇಳಿದರೂ ಅದೇ ಒಂದು ಲೆಕ್ಕ. ಅಷ್ಟೇ ಹೊತ್ತಿನಲ್ಲಿ ಎರಡೆರಡು ನಿಮಿಷದ ಹಾಡು ಕೇಳಿದವರು ಏಳು ಲೆಕ್ಕ ಕೊಟ್ಟಿರುತ್ತಾರೆ. ನಮ್ಮ ಹಾಡಿನ ಮೊದಲ 40 ಸೆಕೆಂಡ್ ಬರೀ ಆಂಪ್‌ನ ಗುಂಯ್. ಅಲ್ಲಿಯೇ ಜನ ಜಾರಿಕೊಳ್ಳುತ್ತಾರೆ. 2024ರಿಂದ ಇನ್ನೊಂದು ನಿಯಮ ಬಂತು: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ದುಡ್ಡೇ ಇಲ್ಲ. ನಮ್ಮ ನಾಲ್ಕು ಹಾಡು ಆ ಗೆರೆಯ ಕೆಳಗೆ ಬಿದ್ದವು.

ಹಾಡನ್ನು ಐದು ತುಂಡು ಮಾಡಿ ಹಾಕಿ ಅಂತ ಸಲಹೆ ಬಂತು. ಮಾಡಿದೆವು, ನಾಚಿಕೆ ಬಿಟ್ಟು. ಲೆಕ್ಕವೇನೋ ಏರಿತು. ಆದರೆ ಮೂರನೇ ತುಂಡು ಮಾತ್ರ ಯಾರದೋ ಪ್ಲೇಲಿಸ್ಟ್‌ನಲ್ಲಿ, ಯಾವುದೋ ಹಾಡು ಮುಗಿದ ಮೇಲೆ, ಒಂದು ಮಾತಿನ ನಡುವೆ ಬಾಗಿಲು ತೆಗೆದ ಹಾಗೆ ಧಡ್ ಅಂತ ಶುರುವಾಗಿ ಹಾಗೇ ಕಡಿದು ನಿಲ್ಲುವುದನ್ನು ಕೇಳಿದಾಗ ಹೊಟ್ಟೆ ಉರಿಯಿತು. ಎಂಟು ತಿಂಗಳಿಗೆ ತೆಗೆದುಹಾಕಿದೆವು. ಡೋರ್ಸ್ ಬ್ಯಾಂಡ್‌ನವರು 1967ರಲ್ಲಿ ತಮ್ಮ ಏಳು ನಿಮಿಷದ ಹಾಡಿನಿಂದ ನಡುವಿನ ಆರ್ಗನ್, ಗಿಟಾರ್ ಭಾಗ ಕಿತ್ತು ಮೂರು ನಿಮಿಷದೊಳಗಿನ ಸಿಂಗಲ್ ಮಾಡಿ ಗೆದ್ದರು. ಅಲ್ಲಿ ಉಳಿದಿದ್ದು ಪೂರ್ತಿ ಹಾಡಾಗಿತ್ತು, ನಮ್ಮದು ಚೂರುಗಳು.

ನಮಗೆ ಅನ್ನ ಹಾಕಿದ್ದು ಬ್ಯಾಂಡ್‌ಕ್ಯಾಂಪ್, ಬ್ಯಾಂಡ್‌ಗಳು ಕೇಳುಗರಿಗೆ ನೇರವಾಗಿ ಮಾರುವ ವೆಬ್‌ಸೈಟ್. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ. 15, ಎಲ್‌ಪಿ ಮತ್ತು ಟೀ ಶರ್ಟ್‌ನಲ್ಲಿ ಶೇ. 10. ಪಾವತಿ ಶುಲ್ಕ ಬೇರೆ. 2020ರ ಮಾರ್ಚ್‌ನಲ್ಲಿ ಶೋಗಳೆಲ್ಲಾ ನಿಂತಾಗ ಕೆಲವು ಶುಕ್ರವಾರ ತಮ್ಮ ಪಾಲನ್ನೂ ಬಿಟ್ಟುಕೊಡಲು ಶುರು ಮಾಡಿದರು, ನಾವು ಹಳೆಯ ಲೈವ್ ಟೇಪ್‌ಗಳನ್ನೆಲ್ಲಾ ಆ ಶುಕ್ರವಾರಗಳಿಗೇ ಹಾಕಿದೆವು. ಕಿಂಗ್ ಗಿಜರ್ಡ್ ಆಂಡ್ ದ ಲಿಜರ್ಡ್ ವಿಜರ್ಡ್ ಅನ್ನುವ ಬ್ಯಾಂಡ್‌ನವರು 2017ರಲ್ಲಿ ಐದು ಆಲ್ಬಮ್ ಬಿಟ್ಟು, ಅದರಲ್ಲೊಂದನ್ನು ಮಾಸ್ಟರ್ ಸಮೇತ ಉಚಿತ ಕೊಟ್ಟು "ಯಾರು ಬೇಕಾದರೂ ರೆಕಾರ್ಡ್ ಪ್ರೆಸ್ ಮಾಡಿಕೊಳ್ಳಿ" ಅಂದರಲ್ವಾ, ಅದನ್ನು ನೋಡಿ ನಾವೂ ಒಂದು ಲೈವ್ ಆಲ್ಬಮ್ ಉಚಿತ ಕೊಟ್ಟೆವು. ಯಾರೂ ಪ್ರೆಸ್ ಮಾಡಲಿಲ್ಲ. ಅವರಿಗೆ ಆಗಲೇ ಜನ ಇದ್ದರು, ನಮಗೆ ಇರಲಿಲ್ಲ.

ಈಗ ಕಿವಿಯ ಮಾತು. ಏಳನೇ ವರ್ಷ ನಮ್ಮ ಬೇಸ್ ನುಡಿಸುವವಳು ರಿಹರ್ಸಲ್ ಮುಗಿದ ಮೇಲೆ "ಆಂಪ್ ಆಫ್ ಮಾಡಿಲ್ಲ ಯಾರೋ" ಅಂದಳು. ಎಲ್ಲಾ ಆಫ್ ಆಗಿತ್ತು. ಮಾರನೇ ದಿನವೂ ಅವಳ ಕಿವಿಯಲ್ಲಿ ಆ ಗುಂಯ್ ನಿಲ್ಲಲಿಲ್ಲ. ಇವತ್ತಿಗೂ ನಿಂತಿಲ್ಲ. ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ನಿಯೋಶ್ ಹೇಳುವ ಲೆಕ್ಕ ಇದು: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧ ಆಗುತ್ತದೆ. ಹಾಗೇ ಇಳಿಸುತ್ತಾ ಬಂದರೆ 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ನಾವು ಮೀಟರ್ ತಂದು ಅಳೆದೆವು. ಹಾಡಿನ ಕೊನೆಯ ಭಾಗದಲ್ಲಿ ಅವಳು ನಿಲ್ಲುವ ಜಾಗ, ಸಿಂಬಲ್ ಪಕ್ಕ, 106. ಅಲ್ಲಿಗೆ ನಾಲ್ಕು ನಿಮಿಷ ಕೂಡ ಇಲ್ಲ. ಅದನ್ನು ವಾರಕ್ಕೆ ಮೂರು ಸಲ, ಏಳು ವರ್ಷ ಮಾಡಿದ್ದೆವು.

ಎಲ್ಲರೂ ಅಚ್ಚು ತೆಗೆಸಿ ಕಿವಿ ಪ್ಲಗ್ ಮಾಡಿಸಿಕೊಂಡೆವು. ಚಿಕ್ಕ ಆಂಪ್‌ಗೆ ಬಂದೆವು. ಚಿಕ್ಕ ಆಂಪ್ ಪೂರ್ತಿ ತಿರುಗಿಸಿದಾಗ ಬರುವ ಒಡಕು ದೊಡ್ಡದನ್ನು ಅರ್ಧ ತಿರುಗಿಸಿದಾಗ ಬರುವುದಕ್ಕಿಂತ ಎಷ್ಟೋ ಚೆನ್ನಾಗಿದೆ, ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ! ಅವಳು ಬ್ಯಾಂಡ್ ಬಿಡುತ್ತೇನೆ ಅಂದಿದ್ದಳು, ಬಿಡಲಿಲ್ಲ. ಆ ವರ್ಷ ಬಿಟ್ಟವನು ಡ್ರಮ್ಮರ್, ಬೇರೆ ಕಾರಣಕ್ಕೆ. ಅವನ ಸಾಲ ತೀರಿಸಿ ಕಳಿಸಿದೆವು. ಈಗಿನವನು 96ರಲ್ಲಿ ಶುರು ಮಾಡಿ 98ಕ್ಕೆ ಮುಗಿಸುತ್ತಾನೆ, ಒಂದೊಂದು ದಿನ ಹಳೆಯವನ ಓಟ ಬೇಕು ಅನ್ನಿಸುತ್ತದೆ.

ಸ್ಟೇಜ್ ಜಗಳ ಮುಗಿದಿದ್ದು ಹೀಗೆ: ಅದೇ ಹಾಡಿಗೆ ಈಗ 6, 14, 22 ನಿಮಿಷದ ಮೂರು ಆಕಾರ ಇದೆ. ಸ್ಲಾಟ್ ನೋಡಿ ಆರಿಸುತ್ತೇವೆ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಸನ್ನೆ ಬೇಸ್‌ನದು: ಹಿಡಿದ ಸ್ವರವನ್ನು ಒಂದು ಆಕ್ಟೇವ್ (ಸ್ಥಾಯಿ) ಮೇಲೆ ನಾಲ್ಕು ಸಲ ಮೀಟುತ್ತಾಳೆ, ನಾವು ತಿರುಗುತ್ತೇವೆ. ಸೌಂಡ್‌ನವರ ಪಕ್ಕದಲ್ಲಿ ನಮ್ಮ ಕಡೆಯವರೊಬ್ಬರು ನಿಂತು, ಐದು ನಿಮಿಷ ಉಳಿದಾಗ ಟಾರ್ಚ್ ಬೆಳಕು ಅವಳ ಕಾಲ ಹತ್ತಿರ ಬಿಡುತ್ತಾರೆ.

ಹೋದ ಆಲ್ಬಮ್‌ನಲ್ಲಿ ಒಂದು ಚೇಷ್ಟೆ ಮಾಡಿದೆವು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಕೊನೆಯ ಗೆರೆಯನ್ನು ಒಳಕ್ಕೆ ಬಿಡದೆ ಅದರ ತುದಿಗೇ ಸೇರಿಸಿ ಕೊರೆದರೆ ಸೂಜಿ ಅಲ್ಲೇ ಸುತ್ತುತ್ತಾ ಇರುತ್ತದೆ. ಕೊನೆಯ ಹಾಡನ್ನು ನಿಮಿಷಕ್ಕೆ 100 ಬೀಟ್‌ನಲ್ಲಿ ನುಡಿಸಿದೆವು, ಆಗ 1.8 ಸೆಕೆಂಡಿಗೆ ಸರಿಯಾಗಿ ಮೂರು ಬೀಟ್ ಕೂರುತ್ತದೆ. ಬದಿ 19 ನಿಮಿಷ, ಆಮೇಲೆ ಎತ್ತುವವರೆಗೂ ಅದೇ ಮೂರು ಬೀಟ್. ಹೋದ ತಿಂಗಳು ಒಬ್ಬರು ಬರೆದಿದ್ದರು: ರಾತ್ರಿ ರೆಕಾರ್ಡ್ ಹಾಕಿ ನಿದ್ದೆ ಹೋದರಂತೆ, ಬೆಳಿಗ್ಗೆ ಎದ್ದರೂ ಹಾಡು ಮುಗಿದಿರಲಿಲ್ಲವಂತೆ, ರೆಕಾರ್ಡ್ ಕೆಟ್ಟಿದೆ, ಬದಲಾಯಿಸಿ ಕೊಡಿ ಅಂತ.